ಬಣ್ಣ ಬರಲಿಲ್ಲಂದ್ರ ಆದೆಮ್ಮ ಗೆದ್ದಂಗ

ರಾಯಚೂರಾಗ ಸೂರ್ಯ ಹುಟ್ಟಂಗಿಲ್ಲ, ಡ್ಯೂಟಿಗಿ ಹಾಜರಾಗ್ತಾನ. ಬಂದ ಕೂಡ್ಲೇ ಸಿಟ್ಟಿಲೆ ಕೆಲಸ ಶುರು. ದಸರಾ ಮುಗೀತಲ್ಲ, ಥಂಡಿ ಬರ್ಬೇಕಾಗಿತ್ತಲ್ಲ ಅಂತ ಕೇಳಬ್ಯಾಡ್ರಿ. ನಮ್ಮೂರ ಕಡಿ ಬರೋ ಬಸ್ಸು ಥಂಡಿಗೂ ತಪ್ಪಿರ್ತದ. ಅಂಥಾ ಸೂರ್ಯನಕಿಂತ ಮೊದ್ಲ ಎದ್ದು, ಅವನಕಿಂತ ಹೆಚ್ಚು ಸಿಟ್ಟಿಲೆ ಕೆಲಸಕ್ಕ ಇಳಿಯೋ ಒಂದು ಜೀವ ಊರಾಗದ. ಹೆಸರು ಆದೆಮ್ಮ. ಕೆಲಸ, ಒಂದು ಸಂಘದವ್ರು ನಡಸೋ ಮಣ್ಣು-ನೀರು ಪರೀಕ್ಷಾ ಲ್ಯಾಬಿನ್ಯಾಗ ಗಾಜು ತೊಳೆಯೋದು.

ಇವತ್ತು ಹಬ್ಬದ ರಜಾ ಮುಗಿಸಿ ಲ್ಯಾಬು ಬಾಗಿಲು ತೆಗೆಯೋ ದಿನ. ಕತ್ತಲಿ ಇನ್ನ ಪೂರ್ತಿ ಹರ್ದಿಲ್ಲ. ಆದೆಮ್ಮ ಹಿಂದಿನ ಬಾಗಿಲ ಕೀಲಿ ತೆಗೆದು, ಲೈಟ್ ಹಾಕಿ, ಸೆರಗಿನ್ಯಾಗ ಕಟ್ಕೊಂಡು ಬಂದ ಬನ್ನಿ ಎಲಿ ಬಿಚ್ಚಿ ಕಿಟಕಿ ಕಟ್ಟಿ ಮ್ಯಾಲ ಇಡ್ತಾಳ. ಎಲ್ಲಾರಿಗೂ ‘ಬಂಗಾರ’ ಕೊಟ್ಟು ಕೈ ಮುಗಿಯೋದು ಬಾಕಿ ಅದ. ಆಯುಧ ಪೂಜಾದ ಹೂವು ಯಂತ್ರದ ಮ್ಯಾಲ ಬಾಡಿ ಜೋತು ಬಿದ್ದಾವ. ಬಾಟ್ಲಿಗೋಳು ವಿಭೂತಿ, ಕುಂಕುಮ ಹಚ್ಕೊಂಡು ಸಣ್ಣ ಸ್ವಾಮಿಗೋಳಂಗ ಸಾಲಾಗಿ ನಿಂತಾವ. ಆಕಿ ಹೂವು ತೆಗೆದು ಬುಟ್ಟಿಗಿ ಹಾಕಿ, ನಳ ತಿರುವ್ತಾಳ. ನಳ ಕೆಮ್ಮತದ, ಉಗುಳಂಗಿಲ್ಲ.

“ಕೆಮ್ಮು, ಕೆಮ್ಮು. ಹಬ್ಬ ಮಾಡಿ ನಿನಗೂ ಸುಸ್ತಾಗ್ಯದ” ಅಂತ ನಳಕ್ಕ ಬೈದು, ಡ್ರಮ್ಮಿನ್ಯಾಗ ತುಂಬಿಟ್ಟ ನೀರು ಮೊಗ್ಕೊಂಡು ಸಿಂಕಿನ ಕಡಿ ತಿರುಗ್ತಾಳ. ತಿರುಗಿದ್ರ ಅಲ್ಲಿ ಒಂದು ಸ್ಟೀಲ್ ಟಿಫಿನ್ ಡಬ್ಬಿ. ಪೂಜಾದ ದಿನ ಯಾರೋ ಹುಗ್ಗಿ ತಿಂದು, ಸಾಬೂನ್ ಪುಡಿ ಹಾಕಿ ನೆನಿ ಇಟ್ಟು, ಮರ್ತು ಮನಿಗಿ ಹೋಗ್ಯಾರ. ಸಾಬೂನ್ ನೊರಿ ಒಣಗಿ ಸಿಂಕಿನ ತುಂಬ ಬೆಳ್ಳಗ ಪದರು ಕಟ್ಯದ.

“ಹಾಳಾಗ್ಲಿ ಇವ್ರ ಹೊಟ್ಟಿ!” ಆದೆಮ್ಮನ ಧ್ವನಿಗಿ ಕಪಾಟಿನ್ಯಾಗಿನ ಗಾಜು ಸಣ್ಣಗ ನಡಗತದ. “ಎಷ್ಟು ಸಲ ಹೇಳೀನ್ರಿ? ಈ ಸಿಂಕು ಊಟದ್ದಲ್ಲ, ಉಪ್ಪಿಂದು. ಇದರಾಗ ಸಾಬೂನ್ ಪುಡಿ ಬಿತ್ತಂದ್ರ ಆ ಉಪ್ಪು ಸುಮ್ನಿರಂಗಿಲ್ಲ. ಆಮ್ಯಾಲ ಬೈಗಳ ಯಾರಿಗಿ? ತಿಂದಾವ್ರಿಗಲ್ಲ, ತೊಳೆದಾಕಿಗಿ.”

ಉಪ್ಪು ಅಂದ ಕೂಡ್ಲೇ ಸಾರಿಗಿ ಹಾಕೋದು ಅನ್ಕೋಬ್ಯಾಡ್ರಿ. ಇದರ ಪೂರ್ತಿ ಹೆಸರು ಅಮೋನಿಯಂ ಮಾಲಿಬ್ಡೇಟ್. ಮಾಲಿಬ್ಡಿನಂ ಅನ್ನೋ ಲೋಹದ ಉಪ್ಪು. ಹೆಸರು ಹೇಳೋದ್ರಾಗ ನಾಲಿಗಿ ಗಂಟು ಬೀಳ್ತದ. ಲ್ಯಾಬಿನ ಜೀಪ್ ಡ್ರೈವರ್ ಇದಕ್ಕ ‘ಮೊಲ ಬಿಟ್ಟೆ’ ಅಂತಾನ. ಆದೆಮ್ಮ ಮೊಲ ಹಿಡಿಯೋ ಉಸಾಬರಿನ ಬ್ಯಾಡಂತ ‘ನೀಲಿ ಉಪ್ಪು’ ಅಂತಾಳ. ಮುಚ್ಚಳ ತೆಗೆದು ನೋಡಿದ್ರ ನೀಲಿ ಎಲ್ಲದ? ಬೆಳ್ಳಗ ಸಕ್ಕರಿ ಹಳ್ಳಿನಂಗ ಇರ್ತದ, ಭಾಳಂದ್ರ ಚೂರು ಹಸಿರು ಛಾಯಾ. ನೀರಿನ್ಯಾಗ ಹಾಕಿದ್ರ ಕರಗಿ ಕಾಣದಂಗ ಆಗ್ತದ. ನೋಡಾಕ ಸಾಧು ಪ್ರಾಣಿ. ಆದ್ರ ಎಲ್ಲೆರೆ ಒಂದಿಷ್ಟು ರಂಜಕದ, ಅಂದ್ರ ಫಾಸ್ಫರಸ್ಸಿನ, ವಾಸನಿ ಹತ್ತಿತೋ, ಸಾಧುತನ ಮುಗೀತು.

ಮಣ್ಣಿನ ಸಾರ ಇಳಿಸಿದ ನೀರಿಗಿ ಈ ಉಪ್ಪಿನ ನೀರು, ಸ್ವಲ್ಪ ಗಂಧಕಾಮ್ಲ, ಮ್ಯಾಲ ಒಂದಿಷ್ಟು ವಿಟಮಿನ್ ಸಿ ಕೂಡಿಸ್ತಾರ. ಹೌದ್ರಿ, ಲಿಂಬಿಹಣ್ಣಿನ್ಯಾಗ ಇರ್ತದಲ್ಲ, ಅದಾ ವಿಟಮಿನ್. ಮಣ್ಣಾಗ ರಂಜಕ ಇತ್ತಂದ್ರ ಗಾಜಿನ ಕೊಳವ್ಯಾಗ ನೀಲಿ ಏರ್ತದ. ಕಡಿಮಿ ಇದ್ರ ತೆಳ್ಳನ ಆಕಾಶ, ಭಾಳ ಇದ್ರ ಸಾಲಿ ಹುಡುಗರ ಶಾಯಿ. ಒಂದು ಯಂತ್ರ ಆ ನೀಲಿ ಎಷ್ಟು ಗಾಢ ಅದ ಅಂತ ಅಳೀತದ. ಅದರ ಮ್ಯಾಲ ರೈತ ಎಷ್ಟು ಡಿಎಪಿ ಗೊಬ್ಬರ ಹಾಕ್ಬೇಕು ಅನ್ನೋದು ತೀರ್ಮಾನ ಆಗ್ತದ. ಬಾಯಿಲ್ಲದ ಉಪ್ಪು, ಆದ್ರ ಚಾಡಿ ಹೇಳೋದ್ರಾಗ ನಮ್ಮ ಓಣಿ ಮಂದೀನ ಮೀರಿಸ್ತದ.

ಇಷ್ಟಕ್ಕಾ ಮುಗೀಲಿಲ್ಲ. ನಮ್ಮ ಕಡಿ ಡಿಗ್ರಿ ಮುಗಿಸಿದ ಹುಡುಗುರಿಗಿ ಒಂದು ನೌಕರಿ ಸಿಗವಲ್ದು, ಈ ಉಪ್ಪಿನ ಮನಿತನಕ್ಕ ನೋಡ್ರಿ, ಹೋದಲ್ಲೆಲ್ಲಾ ನೌಕರಿ. ಬಾಯ್ಲರ್ ನೀರಿನ್ಯಾಗ ಸಿಲಿಕಾ, ಅಂದ್ರ ಮರಳಿನ ಸತ್ವ, ಕರಗಿದ್ರ ಅದು ಉಗಿ ಜೋಡಿ ಹಾರಿ ಹೋಗಿ ಟರ್ಬೈನಿನ ರೆಕ್ಕಿಗಿ ಮೆತ್ಕೋತದ. ಅದರ ಚಾಡಿ ಹೇಳೋದೂ ಇದಾ ಉಪ್ಪು. ದವಾಖಾನ್ಯಾಗ ರಕ್ತದೊಳಗಿನ ರಂಜಕ ಅಳ್ಯಾಕ ಇದು ಬೇಕು. ಇದರ ತಮ್ಮ ಸೋಡಿಯಂ ಮಾಲಿಬ್ಡೇಟ್ ಕಾರ್ಖಾನಿ ತಂಪು ನೀರಿನ ಪೈಪಿಗಿ ತುಕ್ಕು ಹಿಡಿಯದಂಗ ಕಾವಲು ಕಾಯ್ತಾನ. ಪೆಟ್ರೋಲು ಡೀಸೆಲ್ಲಿನ ಗಂಧಕ ತೆಗೆಯೋ ಕಾರ್ಖಾನ್ಯಾಗ ಇದರಿಂದ ಮಾಡಿದ ವೇಗವರ್ಧಕ ದುಡೀತದ. ಇನ್ನ ನಮ್ಮ ತೊಗರಿ, ಕಡ್ಲಿ, ಶೇಂಗಾ ಬೀಜಕ್ಕ ಚಿಟಿಕಿಯಷ್ಟು ಹಚ್ಚಿ ಬಿತ್ತಿದ್ರ, ಬೇರಿನ ಗಂಟಿನ್ಯಾಗ ಕುಂತು ಗಾಳಿಯಿಂದ ಸಾರಜನಕ ಹಿಡಿಯೋ ಸೂಕ್ಷ್ಮ ಜೀವಿಗೋಳಿಗಿ ಅದಾ ಬಲ. ಒಂದು ಉಪ್ಪು ಇಷ್ಟು ಕಡಿ ದುಡೀತದ, ಮನಷ್ಯಾಗ ಒಂದು ಡಬ್ಬಿ ತೊಳ್ಕೊಂಡು ಹೋಗಾಕ ಆಗಂಗಿಲ್ಲ.

ಆದೆಮ್ಮ ಡಬ್ಬಿ ತೆಗೆದು ಹೊರಗ ಕಟ್ಟಿ ಮ್ಯಾಲ ಕುಕ್ಕಿ, ಸಿಂಕು ತಿಕ್ಕಿ ತಿಕ್ಕಿ ತೊಳೀತಾಳ. ಆಮ್ಯಾಲ ಗಾಜಿನ ಸರದಿ. ದಿನಾ ಇನ್ನೂರರ ಮ್ಯಾಲ ಕೊಳವಿ, ಐವತ್ತು ಅರವತ್ತು ಫ್ಲಾಸ್ಕು. ಮೊದ್ಲ ಬರೇ ನೀರು, ಆಮ್ಯಾಲ ತೆಳು ಆಸಿಡ್ ನೀರು, ಮತ್ತ ನೀರು, ಕಡೀಗಿ ಭಟ್ಟಿ ಇಳಿಸಿದ ನೀರು. ಸಾಬೂನ್ ಮುಟ್ಟಂಗಿಲ್ಲ, ಯಾಕಂದ್ರ ಭಾಳ ಸಾಬೂನ್ ಪುಡಿಯಾಗ ರಂಜಕ ಇರ್ತದ. ಬಟ್ಟಿಲೆ ಒರಸಂಗಿಲ್ಲ. ಬೋರಲು ಹಾಕಿ ಒಣಗಸ್ತಾಳ. ಬೆರಳು ಆಸಿಡ್ಡಿಗಿ ಸುಕ್ಕಾಗಿ ಒಣಗಿದ ಬದನಿಕಾಯಿ ಆಗ್ಯಾವ. ಕೈಗವಸು ಕೊಟ್ಟಾರ. “ಅದು ಹಾಕ್ಕೊಂಡ್ರ ಕೊಳವಿ ಜಾರತದ್ರಿ. ಒಡೆದ್ರ ಮತ್ತ ನನಗಾ ಬೈತಾರ. ಬೈಸ್ಕೊಳ್ಳಾಕ ಒಂದಾ ಕಾರಣ ಸಾಕು, ಎರಡು ಯಾಕ?”

ಆದೆಮ್ಮನ ತವರು ದೇವದುರ್ಗದ ಕಡಿ. ಲಗ್ನಾಗಿ ರಾಯಚೂರಿಗಿ ಬಂದ್ಲು. ಹತ್ತಿ ಮಿಲ್ಲಿನ್ಯಾಗ ಹಮಾಲಿ ಮಾಡ್ತಿದ್ದ ಗಂಡನ ಬೆನ್ನು ಕೈ ಕೊಟ್ಟ ಮ್ಯಾಲ ಆಕಿ ಕೈ ಮನಿಗಿ ಬೆನ್ನಾತು. ಮೊದ್ಲ ಸ್ಟೇಷನ್ ಹತ್ರ ಒಂದು ಖಾನಾವಳಿ ಸೇರಿದ್ಲು, ತಾಟು ತೊಳ್ಯಾಕ. ಒಲಿ ಬೂದಿ, ತೆಂಗಿನ ನಾರು ಹಿಡಿದು ಆಕಿ ತಿಕ್ಕಿದ ತಾಟಿನ್ಯಾಗ ಮುಖ ನೋಡ್ಕೊಂಡು ಮಂದಿ ಕ್ರಾಪ್ ತಿದ್ಕೋತಿದ್ರಂತ. ಒಂದಿನ ಬಡಸೋ ಹುಡುಗ ಬರಲಿಲ್ಲ. ಆದೆಮ್ಮ ಸಾರಿನ ಬಕೀಟು ಎತ್ತಿ ಹೊರಗ ಬಂದ್ಲು. ಮಾಲಕ ಓಡಿ ಬಂದು ಬಕೀಟು ಕಸ್ಗೊಂಡ.

“ತಾಟು ತೊಳ್ಯಾಕ ಈ ಕೈ ನಡೀತಿತ್ತು, ಅದಾ ತಾಟಿಗಿ ಬಡಸಾಕ ನಡೀಲಿಲ್ಲ” ಅಂತಾಳ ಆದೆಮ್ಮ, ಕೊಳವಿಯೊಳಗ ಬ್ರಷ್ ತಿರುಗಿಸ್ಕೋತ. “ಅವತ್ತಾ ಬಿಟ್ಟು ಬಂದೀನಿ. ಇಲ್ಲಿ ಉಪ್ಪು ಇಟ್ಟಾರಲ್ಲ, ಅದು ಬ್ಯಾರೆ ಥರ ಅದ. ಕೈ ಹೊಲಸಾಗಿದ್ರ ಯಾರಿದ್ರೂ ಹೇಳ್ತದ, ಸ್ವಚ್ಛಿದ್ರ ಯಾರಿದ್ರೂ ಸುಮ್ನಿರ್ತದ. ನನಗ ಅದರ ಜೋಡಿ ಸರಿ ಹೋಗ್ಯದ.”

ಲ್ಯಾಬಿಗಿ ಬಂದ ಮೊದಲ ದಿನ ಆಕಿ ಮನಿಯಿಂದ ಒಂದು ಡಬ್ಬಿ ಒಲಿ ಬೂದಿ ತಂದಿದ್ಲು. ಲ್ಯಾಬಿನ ಮುಖ್ಯಸ್ಥ ಗುರುಪ್ರಸನ್ನ ಸಾಹೇಬ್ರು ಅದನ್ನ ನೋಡಿ ಹಾವು ನೋಡಿದಂಗ ಹಿಂದಕ್ಕ ಜಿಗಿದಿದ್ರಂತ. ಬೂದ್ಯಾಗ ರಂಜಕ, ಸಿಲಿಕಾ ಎರಡೂ ತುಂಬ್ಯಾವ, ಉಪ್ಪಿನ ಹತ್ರ ಬೂದಿ ತಂದ್ರ ಮುಗೀತು ಅಂತ ಹೇಳಿದ್ರು. ಅವತ್ತಿನಿಂದ ಬೂದಿ ಈ ಬಾಗಿಲು ದಾಟಿಲ್ಲ. ಹೊರಗ ಅಕ್ಕಿ ಮಿಲ್ಲಿನ ಹೊಟ್ಟಿನ ಬೂದಿ ಹಾರ್ತದಂತ ಆಕಿ ಮೇ ತಿಂಗಳ ಸೆಕ್ಯಾಗೂ ಕಿಟಕಿ ತೆಗ್ಯಾಕ ಬಿಡಂಗಿಲ್ಲ. ಒಳಗಿದ್ದಾವ್ರು ಬೆಂದು ಹೋಗ್ಲಿ, ಕೊಳವಿ ಉಳಿಬೇಕು.

ಹೊತ್ತು ಏರ್ತದ. ಮಂದಿ ಬರ್ತಾರ. ಮೊದ್ಲ ಬರೋದು ಚಂದ್ರಬಂಡದ ಯಂಕಣ್ಣ, ಲ್ಯಾಬಿನ ಮನಷ್ಯಾ ಅಲ್ಲ, ರೈತ. ಕರಿ ಹೊಲದಾಗ ಕಡ್ಲಿ ಬಿತ್ತಾಕ ಹದ ಬಂದದ. ಹಬ್ಬಕ್ಕ ಮೊದ್ಲ ಮಣ್ಣು ಕೊಟ್ಟು ಹೋಗ್ಯಾನ, ರಿಪೋರ್ಟ್ ಇಲ್ದಾ ಗೊಬ್ಬರ ಹಾಕಂಗಿಲ್ಲಂತ ಬೆಂಚಿನ ಮ್ಯಾಲ ಪಟ್ಟು ಹಿಡಿದು ಕುಂತಾನ. ಹಿಂದ ಮಾನ್ವಿ ಬಸ್ಸಿಳಿದು ಶ್ರೀಲಕ್ಷ್ಮೀ ಬರ್ತಾಳ. ಪರೀಕ್ಷಾ ಮಾಡಾಕಿ ಆಕಿನಾ. ಹೋದ ವರ್ಷ ನೌಕರಿ ಸೇರ್ಯಾಳ. ಕಡೀಗಿ ಗುರುಪ್ರಸನ್ನ ಸಾಹೇಬ್ರು, ಹಣಿ ಮ್ಯಾಲ ಗೋಪಿಚಂದನ, ನಡುವ ಅಂಗಾರದ ಕಪ್ಪು ಗೀಟು. ಮಾತಿನ್ಯಾಗೂ ಅಂಗಾರ ಇರ್ತದ, ಅದು ಸ್ನಾನ ಮಾಡಿದ್ರೂ ಹೋಗಂಗಿಲ್ಲ.

ಆದೆಮ್ಮ ಬನ್ನಿ ಎಲಿ ತಗೊಂಡು ಎದುರಿಗಿ ಹೋಗೋದಕ್ಕೂ ಒಳಗಿಂದ ಶ್ರೀಲಕ್ಷ್ಮೀ ಕೂಗೋದಕ್ಕೂ ಸರಿ ಹೋಗ್ತದ.

“ಸರ್! ಬ್ಲ್ಯಾಂಕ್ ನೀಲಿ ಬಂತು ಸರ್!”

ಬ್ಲ್ಯಾಂಕ್ ಅಂದ್ರ ಖಾಲಿ ಕೊಳವಿ. ಅದಕ್ಕ ಮಣ್ಣು ಹಾಕಂಗಿಲ್ಲ. ಬರೇ ಭಟ್ಟಿ ನೀರು, ಅದರಾಗ ಉಪ್ಪು ಮತ್ತ ಉಳಿದದ್ದು. ಮಣ್ಣಿಲ್ಲಂದ್ರ ರಂಜಕಿಲ್ಲ, ರಂಜಕಿಲ್ಲಂದ್ರ ಬಣ್ಣಿಲ್ಲ. ದಿನಾ ಮುಂಜಾನಿ ಮೊದ್ಲ ಇದನ್ನಾ ನೋಡ್ತಾರ. ಬಣ್ಣ ಬರಲಿಲ್ಲಂದ್ರ ಮುಂದಿನ ಕೆಲಸ. ಬಂತಂದ್ರ ಎಲ್ಲೋ ಹೊಲಸದ, ಅವತ್ತಿನ ಒಂದು ರಿಪೋರ್ಟೂ ನಂಬಾಕ ಬರಂಗಿಲ್ಲ. ಇವತ್ತಿನ ಖಾಲಿ ಕೊಳವಿ, ಜಾತ್ರಿ ಗಿಲಕಿ ಹಂಗ ನೀಲಿ.

ಸಾಹೇಬ್ರು ಕೊಳವಿ ಬೆಳಕಿಗಿ ಹಿಡಿದು ನೋಡ್ತಾರ. ಆಮ್ಯಾಲ ತಿರುಗಿ ಆದೆಮ್ಮನ್ನ ನೋಡ್ತಾರ. ಲ್ಯಾಬಿನ್ಯಾಗ ಏನು ಕೆಟ್ರೂ ಆ ಎರಡು ನೋಟದ ನಡುವ ಮೂರನೇದು ಇರಂಗಿಲ್ಲ.

“ಆದೆಮ್ಮ, ಹಬ್ಬದ ಗುಂಗಿನ್ಯಾಗ ತೊಳದೀಯಿಲ್ಲ ಇವತ್ತು?”

“ತೊಳದೀನ್ರಿ.”

“ಸಾಬೂನ್ ಹಾಕೀಯಾ?”

“ಸಾಬೂನ್ ಹಾಕಿದಾವ್ರು ನೀವು. ಹೊರಗ ಕಟ್ಟಿ ಮ್ಯಾಲ ನಿಮ್ಮ ಡಬ್ಬಿ ಬಿಸಲಾಗ ಕುಂತದ, ಹೋಗಿ ಕೇಳ್ರಿ.”

ಬೆಂಚಿನ ಮ್ಯಾಲ ಯಂಕಣ್ಣ ಕಿಸಕ್ಕಂತ ನಗ್ತಾನ. ಸಾಹೇಬ್ರ ಮುಖ ಕೆಂಪಾಗ್ತದ. ಡಬ್ಬಿ ಅವರದ್ದಾ. ಆದ್ರ ದೊಡ್ಡಾವ್ರ ತಪ್ಪು ಸಿಕ್ಕಾಗ ಸಣ್ಣಾವ್ರ ಮ್ಯಾಲ ಸಿಟ್ಟು ಇಮ್ಮಡಿ ಆಗೋದು ಯಾವ ಲ್ಯಾಬಿನ್ಯಾಗೂ ಪರೀಕ್ಷಾ ಮಾಡದಾ ಒಪ್ಕೊಂಡ ನಿಯಮ. “ಸಿಂಕಿನ್ಯಾಗ ಸಾಬೂನ್ ಇತ್ತಂದ್ರ ಸಿಂಕು ತೊಳೀಬೇಕಾಗಿತ್ತು. ಮತ್ತ ತೊಳಿ ಎಲ್ಲಾನೂ.”

ಆದೆಮ್ಮ ಎಲಿ ಮತ್ತ ಕಿಟಕಿ ಕಟ್ಟಿ ಮ್ಯಾಲ ಒಗೀತಾಳ. ಈ ಸಲ ಬಾಗಿಲು ತೆಗೆದಿಟ್ಟು, ಎಲ್ಲಾರ ಕಣ್ಣೆದುರಿಗಿ ತೊಳೀತಾಳ. ಆಸಿಡ್ಡಿನ್ಯಾಗ ಮುಳುಗಿಸಿ, ಭಟ್ಟಿ ನೀರಾಗ ಮತ್ತ ಮತ್ತ ಅದ್ದಿ, ಒಂದು ಕೊಳವಿ ಶ್ರೀಲಕ್ಷ್ಮೀ ಕೈಗಿ ಕೊಟ್ಟು, “ಹಾಕು ನಿನ್ನ ಉಪ್ಪು” ಅಂತಾಳ. ಶ್ರೀಲಕ್ಷ್ಮೀ ಹಾಕ್ತಾಳ. ಕಾಯ್ತಾರ. ನೀಲಿ ಸಣ್ಣಗ ತಳದಿಂದ ಏಳ್ತದ, ಯಾರೂ ಕರೀದಿದ್ರೂ ಬರೋ ಬೀಗರಂಗ.

“ಯಕ್ಕಾ, ನಿಮ್ಮ ನೀರಿಗೇ ಇಷ್ಟು ರಂಜಕ ಇದ್ರ ನನ್ನ ಹೊಲಕ್ಕ ಇದನ್ನಾ ಹಾಯಿಸ್ರಿ. ಗೊಬ್ಬರ ಯಾಕ ಬೇಕು?” ಯಂಕಣ್ಣ ಅಂತಾನ.

“ಬಾಯಿ ಮುಚ್ಗೊಂಡು ಕುಂದರ್ಲೇ. ನಿನ್ನ ಬಾಯಾಗ ಹಾಯಿಸ್ತೀನಿ.”

“ಹಂಗಲ್ಲ ಯಕ್ಕಾ. ಇವತ್ತು ರಿಪೋರ್ಟ್ ತಪ್ಪು ಕೊಟ್ರ, ಹೊಲದಾಗ ರಂಜಕ ಭಾಳ ಅದಂತ ನಾನು ಖಾಲಿ ಕೈಲೆ ಬಿತ್ತಿ ಬರ್ತೀನಿ. ಹದ ಹೋದ್ರ ಮತ್ತ ಬರ್ತದೇನು?”

ಈ ಮಾತು ಸಾಹೇಬ್ರಿಗಿ ಡಬ್ಬಿಗಿಂತ ಜೋರು ಹತ್ತತದ. ಕಪಾಟಿನ್ಯಾಗ ಕಲ್ಮಲದ ಮಣ್ಣದ, ಪೋತ್ನಾಳದ ಗದ್ದಿ ಮಣ್ಣದ, ಬಿತ್ತಿಗಿ ಕಾಯ್ತಿರೋ ಊರೂರಿನ ಚೀಲ ಸಾಲಾಗಿ ಕುಂತಾವ. ಅವರು ಕನ್ನಡಕ ತೆಗೆದು ಮುಖ ಒರಸ್ಕೋತ, ಆದೆಮ್ಮನ ಕಡಿ ನೋಡದಾ ಹೇಳ್ತಾರ: “ನನಗೂ ಸಾಕಾಗ್ಯದ. ಸಂಘದವ್ರು ಹೇಳ್ತಾನಾ ಅದಾರ, ತೊಳೆಯೋದನ್ನ ಏಜೆನ್ಸಿಗಿ ಕೊಡ್ರಿ ಅಂತ. ನಾನಾ ಬ್ಯಾಡಂತ ತಡದೀನಿ. ಸೋಮವಾರದಿಂದ ಅವ್ರಿಗಾ ಕೊಟ್ಟು ಬಿಡೋದು. ಆದೆಮ್ಮ ಹೊರಗ ಅಂಗಳ ಕಸ ನೋಡ್ಕೋಲಿ. ಗಾಜು ಮುಟ್ಟೋದು ಬ್ಯಾಡ. ಕೈ ಮೊದಲಿನಂಗ ಸ್ವಚ್ಛ ಉಳದಿಲ್ಲ.”

ಆದೆಮ್ಮ ಆಸಿಡ್ಡಿಗಿ ಸುಕ್ಕಾದ ಎರಡೂ ಕೈ ಎದುರಿಗಿ ಹಿಡಿದು, ಅಂಗೈ ಒಂದ್ಸಲ, ಮುಂಗೈ ಒಂದ್ಸಲ ನೋಡ್ಕೋತಾಳ. ಬಯ್ಯಾಕ ಬಾಯಿ ತೆಗೀತಾಳ, ಬೈಗಳ ಬರಂಗಿಲ್ಲ. ಆಕಿ ಬಾಯಾಗ ಬೈಗಳ ಬರಲಿಲ್ಲಂದ್ರ ಕೃಷ್ಣಾ ನದಿ ಹಿಂದಕ್ಕ ಹರಿದಂಗ.

“ಗಾಜು ಬಿಟ್ಟು ಕಸ” ಅಂತಾಳ ಕಡೀಗಿ, ತನ್ನಷ್ಟಕ್ಕ ತಾನಾ. “ಖಾನಾವಳ್ಯಾಗ ಸಾರು ಬಿಟ್ಟು ತಾಟು. ಮುಂದ ಮುಂದ ಹೋಗ್ತಾರ ಮಂದಿ, ನಾನು ಹಿಂದ ಹಿಂದ.”

ಶ್ರೀಲಕ್ಷ್ಮೀಗಿ ತಡೀಲಾರದಂಗ ಆಗ್ತದ. ಆಕಿ ಆದೆಮ್ಮನ ಹತ್ರ ಬಂದು ಕೈ ಹಿಡ್ಕೋತಾಳ. “ಅವ್ವಾ, ಬ್ಯಾಸರ ಮಾಡ್ಕೋಬ್ಯಾಡ್ರಿ. ಇನ್ನೊಂದ್ಸಲ ನೋಡೋಣ.”

ಆದೆಮ್ಮ ಕೈ ಕೊಸರ್ಕೋತಾಳ. ಕೊಸರಿದಾಗ ತನ್ನ ಒದ್ದಿ ಮುಂಗೈ ಮ್ಯಾಲ ಒಂದು ಬೂದು ಬಣ್ಣದ ಗುರುತು ಕಾಣ್ತದ. ಶ್ರೀಲಕ್ಷ್ಮೀ ಹೆಬ್ಬಟ್ಟು ನೋಡ್ತಾಳ. ಅಲ್ಲೂ ಅದಾ ಬೂದು. ಸಿಟ್ಟೆಲ್ಲಾ ಆ ಹೆಬ್ಬಟ್ಟಿನ ಮ್ಯಾಲ ಹರೀತದ.

“ಏನವ್ವ ಇದು? ಮುಂಜಾನಿ ಯಾವ ಮಠಕ್ಕ ಹೋಗಿ ಬಂದಿ? ಹಣಿಗಿ ಹಚ್ಕೊಳ್ಳೋ ಈಬತ್ತಿ ಹೆಬ್ಬಟ್ಟಿಗಿ ಹಚ್ಕೊಂಡೀದಿ! ಇಂಥಾ ಕೈಲೆ ಕೊಳವಿ ಮುಟ್ಟಿ ನನಗ ಹೊಲಸು ಅನಸ್ತೀರಿ?”

ಈ ಕಡಿ ವಿಭೂತಿಗಿ ಈಬತ್ತಿ ಅಂತಾರ. ಶ್ರೀಲಕ್ಷ್ಮೀ ಬೆರಳು ನೋಡ್ಕೊಂಡು ಗಾಬರಿ ಆಗ್ತಾಳ. “ನಮ್ಮ ಮನ್ಯಾಗ ವಿಭೂತಿನಾ ಹಚ್ಚಂಗಿಲ್ಲವ್ವ. ನಮ್ಮಪ್ಪ ಜಗನ್ನಾಥಾಚಾರ್ರು ನೋಡಿದ್ರ ನನ್ನ ಒಳಗ ಕರ್ಕೊಳ್ಳಂಗಿಲ್ಲ. ಇದೆಲ್ಲಿ ಹತ್ತಿತು ನನಗ? ಬಂದು ಕೈ ತೊಳ್ಕೊಂಡೀನಿ, ಕೋಟು ಹಾಕ್ಕೊಂಡೀನಿ, ಬಾಟ್ಲಿ ಮುಚ್ಚಳ ತೆಗ್ದೀನಿ...”

ಮೂರು ಮಂದಿ ಕಣ್ಣು ಒಟ್ಟಿಗಿ ಬಾಟ್ಲಿ ಸಾಲಿನ ಕಡಿ ತಿರುಗ್ತಾವ. ನೀಲಿ ಉಪ್ಪಿನ ನೀರು ತುಂಬಿದ ಬಾಟ್ಲಿ. ಅದರ ಮುಚ್ಚಳದ ಮ್ಯಾಲ ಮೂರು ಗೀಟು ವಿಭೂತಿ, ನಡುವ ಕುಂಕುಮ. ಗೀಟು ಸಣ್ಣುವಲ್ಲ. ಭಕ್ತಿ ಇದ್ದಷ್ಟು ದಪ್ಪ. ನೀರಿನ್ಯಾಗ ಕಲಸಿ ಹಚ್ಚಿದ್ದು ಹಬ್ಬದ ರಜಾದಾಗ ಒಣಗಿ, ಪದರು ಬಿಟ್ಟು, ಮುಚ್ಚಳ ತಿರುವಿದಾಗೆಲ್ಲಾ ಬಾಟ್ಲಿ ಬಾಯಿಗಿ ಉದುರ್ಯದ. ಸಾಹೇಬ್ರು ಮುಚ್ಚಳ ತೆಗೀತಾರ. ಬಾಟ್ಲಿ ಬಾಯಿ ಸುತ್ತ ತುಟಿಗಿ ಹಿಟ್ಟು ಮೆತ್ತಿದಂಗ ಬೂದು. ಸುರುವಿದಷ್ಟೂ ಅದರ ಮ್ಯಾಲಿಂದಾ ಹರಿದು ಬಂದದ ಉಪ್ಪಿನ ನೀರು.

“ಇದನ್ನ ಯಾರು ಹಚ್ಚಿದ್ದು?” ಸಾಹೇಬ್ರು ಕೇಳ್ತಾರ.

ಶ್ರೀಲಕ್ಷ್ಮೀ ನೆಲ ನೋಡ್ತಾಳ. ಯಂಕಣ್ಣ ಮಾಡು ನೋಡ್ತಾನ. ಆದೆಮ್ಮ ಒಬ್ಬಾಕಿನಾ ಸಾಹೇಬ್ರ ಮುಖ ನೋಡ್ತಾಳ.

“ನಾನಾ. ಪ್ರತಿ ವರ್ಷ ನಾನಾ ಹಚ್ಚತೀನಿ. ನೀವು ಮಂಗಳಾರತಿ ಮಾಡ್ತೀರಿ, ನಾನು ಈಬತ್ತಿ ಹಚ್ಚತೀನಿ.”

“ಬೂದಿ ಬ್ಯಾಡ ಅಂತ ಮೊದಲ ದಿನಾನ ಹೇಳಿಲ್ಲೇನು ನಿನಗ?”

“ಬೂದಿ ಎಲ್ಲಿ ತಂದೀನ್ರಿ? ಇದು ಈಬತ್ತಿ. ದೇವರದ್ದು.”

“ಆದೆಮ್ಮ, ಆಕಳ ಸಗಣಿ ಸುಟ್ಟು ಮಾಡ್ತಾರ. ಸುಟ್ಟ ಮ್ಯಾಲ ಅದು ಬೂದಿನಾ. ರಂಜಕ ಅದರಾಗೂ ಇರ್ತದ.”

“ಹಂಗಾದ್ರ ನಿಮಗ ಗೊತ್ತಿತ್ತಲ್ಲ? ಎದುರಿಗಿ ನಿಂತು ಗಂಟಿ ಬಾರಿಸಿದ್ರಿ, ಆಗ ಯಾಕ ಹೇಳಲಿಲ್ಲ?”

ವರ್ಷಗಟ್ಲೆ ರಸಾಯನ ಓದಿದ ತಲಿನೂ ಗಂಟಿ ಸಪ್ಪಳ ಕೇಳಿದ ಕೂಡ್ಲೇ ಕಣ್ಣು ಮುಚ್ಕೋತದ. ಕಣ್ಣು ಮುಚ್ಚಿದಾವ್ರಿಗಿ ಬೂದಿ ಯಾವ್ದು, ವಿಭೂತಿ ಯಾವ್ದು?

“ಮತ್ತ ಹೋದ ವರ್ಷ ತನಕ ಯಾಕ ಹಿಂಗಾಗಲಿಲ್ಲ ಹಂಗಾದ್ರ?” ಶ್ರೀಲಕ್ಷ್ಮೀ ಸಣ್ಣ ಧ್ವನಿಲೆ ಕೇಳ್ತಾಳ.

“ಹೋದ ವರ್ಷ ತನಕ ಬಾಟ್ಲಿ ಹೊಟ್ಟಿಗಿ ಹಚ್ಚತಿದ್ದೆ” ಅಂತಾಳ ಆದೆಮ್ಮ. “ಹೆಸರಿನ ಚೀಟಿ ಒದ್ದಿಯಾಗಿ ಅಕ್ಷರ ಅಳಿಸಿ ಹೋದ್ವು ಅಂತ ಇವ್ರಾ ಬೈದ್ರು. ‘ಹೊಟ್ಟಿಗಿ ಹಚ್ಚಬ್ಯಾಡ, ಮುಚ್ಚಳಕ್ಕ ಹಚ್ಚು’ ಅಂದ್ರು. ಸಾಹೇಬ್ರ ಮಾತು, ಮುಚ್ಚಳಕ್ಕ ಹಚ್ಚೀನಿ. ದಪ್ಪಗಾ ಹಚ್ಚೀನಿ. ಸಾಹೇಬ್ರು ಹೇಳ್ಯಾರಲ್ಲ ಅಂತ.”

ಗುರುಪ್ರಸನ್ನ ಸಾಹೇಬ್ರು ಮುಚ್ಚಳ ಕೈಯಾಗ ಹಿಡ್ಕೊಂಡಾ ನಿಂತಾರ. ಹೇಳಿದ್ದು ಅವರಿಗಿ ನೆನಪದ. ಮುಖ ನೋಡಿದ್ರಾ ಗೊತ್ತಾಗ್ತದ. ಈ ಲ್ಯಾಬಿನ್ಯಾಗ ಏನರೆ ಬಣ್ಣ ಬರೋದು ಕಲಿತದ ಅಂದ್ರ ಅದು ಅವರ ಮುಖ.

ಆದೆಮ್ಮನೂ ಗೆದ್ದಾಕಿ ಹಂಗ ನಿಂತಿಲ್ಲ. ಆಕಿ ಕಣ್ಣು ಆ ಮೂರು ಗೀಟಿನ ಮ್ಯಾಲ ಅದ. “ನನ್ನ ಬ್ರಷ್ ತಪ್ಪು ಮಾಡಿಲ್ಲ” ಅಂತಾಳ ಮೆಲ್ಲಕ. “ಆದ್ರ ನನ್ನ ಬೆರಳು ಮಾಡ್ಯದ. ಕಿಟಕಿ ಹಾಕಿ ಬೂದಿ ಹೊರಗಿಟ್ಟೆ, ಹಣಿ ಮುಟ್ಟಿ ಒಳಗ ತಂದೆ.” ಆಮ್ಯಾಲ ಮತ್ತ ಸಿಟ್ಟು ಬರ್ತದ, ಈ ಸಲ ಉಪ್ಪಿನ ಮ್ಯಾಲ. “ಇದಕ್ಕೂ ದೇವ್ರು ದಿಂಡ್ರು ಏನೂ ಇಲ್ಲೇನ್ರಿ? ಈಬತ್ತಿ ಅಂತ ಒಂದಿನ ಬಿಟ್ಟು ಕೊಡಬಾರ್ದಾ?”

“ಉಪ್ಪಿಗಿ ದೇವ್ರಿಲ್ಲವ್ವ” ಅಂತಾಳ ಶ್ರೀಲಕ್ಷ್ಮೀ.

“ಇರ್ಲಿ ಬಿಡು. ಇದ್ದಿದ್ರ ಅದೂ ಯಾರ ಕೈಲಿಂದ ಅಂತ ಕೇಳ್ತಿತ್ತು.”

ಮಾತು ಸಾಕಾಗಿ ಎಲ್ಲಾರೂ ಕೆಲಸಕ್ಕ ಬೀಳ್ತಾರ. ಆದೆಮ್ಮ ಒದ್ದಿ ಬಟ್ಟಿ ಹಿಡಿದು ಲ್ಯಾಬಿನ ಹೊರಗ ಬಾಟ್ಲಿಗೋಳನ್ನ ಒಂದೊಂದಾ ಒರಸ್ತಾಳ. ಹಬ್ಬದಾಗ ತಾನಾ ಮಾಡಿದ ಸಣ್ಣ ಸ್ವಾಮಿಗೋಳನ್ನ ತಾನಾ ಮತ್ತ ಸಂಸಾರಕ್ಕ ತರ್ತಾಳ. ಕೈ ತೊಳೀತಾಳ, ಮತ್ತ ತೊಳೀತಾಳ. ಸಾಹೇಬ್ರು ಕೆಟ್ಟ ಉಪ್ಪಿನ ನೀರು ಬ್ಯಾರೆ ಡಬ್ಬಿಗಿ ಸುರುವಿ, ಅಲಮಾರಿಯಿಂದ ಸೀಲ್ ಒಡೀದ ಹೊಸ ಉಪ್ಪು ತೆಗೀತಾರ. ಅದಕ್ಕ ಯಾರೂ ಪೂಜಾ ಮಾಡಿಲ್ಲ, ಅದರ ಪುಣ್ಯ. ಶ್ರೀಲಕ್ಷ್ಮೀ ತೂಗಿ, ಕರಗಿಸಿ, ಆಸಿಡ್ಡು ವಿಟಮಿನ್ನು ಹೊಸದಾಗಿ ಕೂಡಿಸ್ತಾಳ. ಕೊಳವಿ ಮಾತ್ರ ಹೊಸದಲ್ಲ. ಆದೆಮ್ಮ ಮುಂಜಾನಿ ಎಲ್ಲಾರೆದುರು ತೊಳೆದು ಬೋರಲು ಹಾಕಿದ್ಲಲ್ಲ, ಅದರಾಗಿನ ಒಂದು.

ಭಟ್ಟಿ ನೀರು ಹಾಕ್ತಾರ. ಉಪ್ಪು ಹಾಕ್ತಾರ. ಆಮ್ಯಾಲ ಕಾಯ್ತಾರ. ಜಗತ್ತಿನ್ಯಾಗ ಎಲ್ಲಾರೂ ಏನರೆ ಆಗ್ಲಿ ಅಂತ ಕಾಯ್ತಾರ. ಈ ಒಂದು ರೂಮಿನ್ಯಾಗ ನಾಲ್ಕು ಮಂದಿ ಏನೂ ಆಗದಿರ್ಲಿ ಅಂತ ಉಸಿರು ಹಿಡಿದು ನಿಂತಾರ. ಯಂಕಣ್ಣ ಬೆಂಚು ಬಿಟ್ಟು ಬಾಗಿಲ ತನಕ ಬಂದಾನ. ಆದೆಮ್ಮ ಮಾತ್ರ ನೋಡಂಗಿಲ್ಲ. ಬೆನ್ನು ತಿರುಗಿಸಿ ನಿಂತು, ಆಗಲೇ ತೊಳೆದ ಬ್ರಷ್ಷನ್ನಾ ಮತ್ತ ತೊಳ್ಯಾಕತ್ತಾಳ.

ನೀಲಿ ಬರೋ ಹೊತ್ತು ಮುಗೀತದ. ಇನ್ನೊಂದಿಷ್ಟು ಹೊತ್ತೂ ಮುಗೀತದ.

“ಬರಲಿಲ್ಲ” ಅಂತಾಳ ಶ್ರೀಲಕ್ಷ್ಮೀ. “ಅವ್ವಾ, ಬರಲಿಲ್ಲ!”

ಆಗ ತಿರುಗ್ತಾಳ ಆದೆಮ್ಮ. ಕೊಳವಿ ಕಿಟಕಿ ಬೆಳಕಿಗಿ ಹಿಡಿದಾರ. ಅದರೊಳಗಿಂದ ಹೊರಗಿನ ಬೇವಿನ ಗಿಡ ಎಡ-ಬಲ ತಿರುಗಿ ಕಾಣ್ತದ, ಅದೂ ತನ್ನ ಹಸಿರು ಬಣ್ಣದಾಗಾ. ನೀಲಿ ಇಲ್ಲ. ಏನೂ ಇಲ್ಲ.

ಕ್ಷಮಾ ಕೇಳೋ ಶಬ್ದ ಸಾಹೇಬ್ರ ಗಂಟಲಾಗ ನಮ್ಮೂರ ನಳದಂಗ. ಕೆಮ್ಮತದ, ಹೊರಗ ಬರಂಗಿಲ್ಲ. ಕಡೀಗಿ ಅಂಗಿ ಜೇಬಿಗಿ ಕೈ ಹಾಕಿ, ಮನಿಯಿಂದ ತಂದ ಬನ್ನಿ ಎಲಿ ತೆಗೆದು ಮುಂದ ಚಾಚ್ತಾರ. “ಬಂಗಾರ ತಗೋ ಆದೆಮ್ಮ. ಬಂಗಾರದಂಗ ಇರೋಣ. ಏಜೆನ್ಸಿಯವ್ರಿಗಿ ಬರಬ್ಯಾಡ್ರಿ ಅಂತ ಹೇಳ್ತೀನಿ.”

“ಹಿಂದಕ್ಕ ತಗೀರಿ ಅದನ್ನ!” ಆದೆಮ್ಮ ಚೀರ್ತಾಳ. “ಸಿಂಕಿನ ಮ್ಯಾಲ ಚಾಚ್ತೀರಲ್ಲ! ಎಲ್ಯಾಗೂ ರಂಜಕ ಇರ್ತದಂತ ನೀವಾ ಹೇಳೀರಿ. ಹೊರಗ ಕೊಡ್ರಿ, ಹೊರಗ ತಗೋತೀನಿ.”

ಸಾಹೇಬ್ರು ಹೊರಗ ಹೋಗ್ತಾರ. ಹಿಂದ ಆದೆಮ್ಮ ತನ್ನ ಕಿಟಕಿ ಕಟ್ಟಿ ಎಲಿ ತಗೊಂಡು ಹೋಗ್ತಾಳ. ಅಂಗಳದಾಗ, ಬಿಸಲಿಗಿ ಕಾದ ಟಿಫಿನ್ ಡಬ್ಬಿ ಪಕ್ಕ ನಿಂತು ಬಂಗಾರ ಕೊಟ್ಟು ತಗೋತಾರ. ಯಂಕಣ್ಣಗೂ ಸಿಗ್ತದ, ಜೋಡಿ ಒಂದು ಬೈಗಳನೂ. ನಿನಗೇನು ಬೇಕು ಆದೆಮ್ಮ, ಇಷ್ಟು ವರ್ಷ ಆತಲ್ಲ, ಒಂದು ಆಸಿ ಹೇಳು ಅಂತ ಸಾಹೇಬ್ರು ಕೇಳಿದ್ರ ಆಕಿ ಯೋಚನಿ ಮಾಡಾಕ ನಿಂದ್ರಂಗೂ ಇಲ್ಲ.

“ಒಂದು ನಳ ಬೇಕ್ರಿ. ನನ್ನದಾ. ಅದರ ಕೆಳಗ ಯಾರೂ ಹುಗ್ಗಿ ಡಬ್ಬಿ ಇಡಬಾರ್ದು. ಬರೋ ವರ್ಷ ಈಬತ್ತಿ ಹೊರಗ ಜೀಪಿಗಿ ಹಚ್ಚತೀನಿ, ಬೇಕಾದ್ರ ಡ್ರೈವರ್‌ಗೂ ಹಚ್ಚತೀನಿ. ಬಾಟ್ಲಿಗಿ ಬರೇ ಕೈ ಮುಗಿತೀನಿ. ದೂರಿಂದ.”

ಒಳಗ ಯಂತ್ರ ಶುರು ಆಗ್ಯದ. ಚಂದ್ರಬಂಡದ ಮಣ್ಣು ಮೊದ್ಲ. ಯಂಕಣ್ಣನ ಕೊಳವ್ಯಾಗ ನೀಲಿ ಬರ್ತದ, ತೆಳ್ಳಗ, ಇಷ್ಟಾ ಇಷ್ಟು. ಅಂದ್ರ ಹೊಲಕ್ಕ ಗೊಬ್ಬರ ಬೇಕು. ಮುಂಜಾನಿ ಕೆಟ್ಟ ಉಪ್ಪಿನ ರಿಪೋರ್ಟ್ ಹಿಡ್ಕೊಂಡು ಹೋಗಿದ್ರ ಕಡ್ಲಿ ಹಸದಾ ಏಳ್ತಿತ್ತು. ಅವ್ನು ತನ್ನ ಕೊಳವಿ ನೋಡಿ, ಪಕ್ಕದ ಖಾಲಿ ಕೊಳವಿ ನೋಡಿ ಕೇಳ್ತಾನ, “ಯಕ್ಕಾ, ಇದರಾಗೇನದ?”

“ಏನಿಲ್ಲ.”

“ಏನಿಲ್ಲ ಅಂದ್ರ?”

“ಏನಿಲ್ಲ ಅಂದ್ರ ನಾನು ತೊಳದೀನಿ ಅಂತ.”

ಶ್ರೀಲಕ್ಷ್ಮೀ ಆ ಖಾಲಿ ಕೊಳವಿ ಎತ್ತಿ ಪಕ್ಕಕ್ಕ ಇಡಾಕ ಹೋಗ್ತಾಳ. “ಇದನ್ನ ಇವತ್ತೊಂದಿನ ಇಲ್ಲೇ ಇಡೋಣ ಸರ್, ಎಲ್ಲಾರೂ ನೋಡ್ಲಿ.” ಸಾಹೇಬ್ರು ಹೂಂ ಅಂತ ತಲಿ ಅಲ್ಲಾಡಸ್ತಾರ. ಆದ್ರ ಅಷ್ಟರಾಗ ಆದೆಮ್ಮ ಕೈ ಮುಂದ ಮಾಡ್ಯಾಳ, ಸುಕ್ಕಾದ ಬೆರಳು ಬಿಚ್ಚಿ.

“ನೋಡೋದು ಆತಲ್ಲ? ಕೊಡು ಇಲ್ಲಿ. ತೊಳೀಬೇಕು.”